ಮೈಲುತುತ್ತ: ತೋಟಕ್ಕೆ ಮದ್ದು, ಮನೆಗೆ ವಿಷ



ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರನಿಗೆ ಮೈಲುತುತ್ತದ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಳೆಗಾಲ ಹತ್ತಿರವಾದಂತೆ ಈ ನೀಲಿ ಹರಳು ಮತ್ತು ಅದರ ಜೊತೆಗೆ ಸುಣ್ಣ ಅಂಗಡಿಯಿಂದ ಮನೆಗೆ ಬರುತ್ತವೆ. ಎರಡನ್ನೂ ಸೇರಿಸಿ ತಯಾರಿಸಿದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸುವುದನ್ನು ನಮ್ಮ ಕಡೆ 'ಮದ್ದು ಬಿಡುವುದು' ಎನ್ನುತ್ತಾರೆ. ಮಹಾಳಿ ಅಥವಾ ಕೊಳೆರೋಗದ ನಿವಾರಣೆಗೆ ಇಂದಿಗೂ ಇದು ನಂಬಿಗಸ್ತ ಮದ್ದು. ಇದನ್ನು ಯಾವಾಗ ಬಿಡಬೇಕು, ಎಷ್ಟು ಬಿಡಬೇಕು ಎಂಬುದನ್ನು ಬಹುತೇಕ ಬೆಳೆಗಾರರು ಬಲ್ಲರು. ಆದರೆ ಅದನ್ನು ಎಲ್ಲಿ ಇಡಬೇಕು, ಹೇಗೆ ಮುಟ್ಟಬೇಕು, ಉಳಿದುದನ್ನು ಏನು ಮಾಡಬೇಕು ಎಂಬ ಬಗ್ಗೆ ಅಷ್ಟು ಗಮನ ಕೊಡುವುದಿಲ್ಲ.

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಲ್ಲಿ, ಪಿಲಿಕುಳಕ್ಕೆ ತಿರುಗುವಲ್ಲಿ ವಾಮಂಜೂರು ಇದೆ. ಊರು ಮಹಾನಗರಪಾಲಿಕೆಗೆ ಸೇರಿದ್ದರೂ ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ಅಡಿಕೆ, ತೆಂಗು, ಬಾಳೆ ಬೆಳೆದ ಹಿತ್ತಲುಗಳಿವೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಅಂಥ ಒಂದು ಮನೆಗೆ ಹೋಗಿದ್ದೆ. ಕೀಟನಾಶಕದ ಒಂದು ಸಣ್ಣ ಬಾಟಲಿಯನ್ನು ಯಜಮಾನರು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಅದನ್ನು ಕಂಡು ಸಂತೋಷವಾಯಿತು. ಜಗಲಿಗೆ ಬಂದಾಗ ಹತ್ತು ಕಿಲೋ ಮೈಲುತುತ್ತದ ಚೀಲ ಅಕ್ಕಿಮುಡಿಯ ಪಕ್ಕದಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು. ನಾಲ್ಕು ವರ್ಷದ ಮಗುವೊಂದು ಗೆರಟೆಯಲ್ಲಿ ಹರಳುಗಳನ್ನು ತುಂಬಿಕೊಂಡು ಆಡುತ್ತಿತ್ತು. ಅದರ ಕಣ್ಣಿಗೆ ಅದು ಬಣ್ಣದ ಕಲ್ಲುಸಕ್ಕರೆ. ಪುಣ್ಯಕ್ಕೆ ಇನ್ನೂ ಬಾಯಿಗೆ ಹಾಕಿರಲಿಲ್ಲ. "ಅದು ವಿಷವಲ್ಲವಲ್ಲ, ಮದ್ದು" ಎಂದರು ಯಜಮಾನರು.

ಈ ಮಾತಿನಲ್ಲೇ ಅಪಾಯವಿದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಇದೇ ವಸ್ತು ನೂರು ಗ್ರಾಂ ಇದ್ದರೂ ಹೆಸರು ಬರೆದ ಬಾಟಲಿಯಲ್ಲಿ, ಮುಚ್ಚಿದ ಕಪಾಟಿನಲ್ಲಿ ಇರುತ್ತದೆ. ನಮ್ಮ ಜಗಲಿಯಲ್ಲಿ ಅದರ ನೂರು ಪಟ್ಟು ಇದ್ದರೂ ಹೆಸರಿಲ್ಲ, ಮುಚ್ಚಳವಿಲ್ಲ.

ಮೈಲುತುತ್ತ ಎಂದರೇನು?

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ನವಿಲಿನ ಕತ್ತಿನ ಬಣ್ಣವಿರುವುದರಿಂದ ಈ ಹೆಸರು ಬಂದಿದೆ. ಸಂಸ್ಕೃತದಲ್ಲಿಯೂ ಇದು ಮಯೂರತುತ್ಥ. ನಾಲ್ಕು ಕಿಲೋ ಹರಳಿನಲ್ಲಿ ಸುಮಾರು ಒಂದು ಕಿಲೋ ತಾಮ್ರವಿರುತ್ತದೆ. ಈ ತಾಮ್ರವೇ ಕೊಳೆರೋಗದ ಶಿಲೀಂಧ್ರವನ್ನು ಕೊಲ್ಲುತ್ತದೆ. ಹರಳು ಒಣಗಾಳಿಯಲ್ಲಿ ಬಹುಕಾಲ ತೆರೆದಿದ್ದರೆ ತನ್ನೊಳಗಿನ ನೀರನ್ನು ಕಳೆದುಕೊಂಡು ಮೇಲ್ಮೈಯಲ್ಲಿ ಬಿಳಿಚಿಕೊಳ್ಳುತ್ತದೆ. ಬಿಳಿಯಾಯಿತೆಂದು ಅದರ ವಿಷ ಕಡಿಮೆಯಾಗುವುದಿಲ್ಲ. ಆ ಪುಡಿಯನ್ನು ಸುಣ್ಣವೆಂದು ತಪ್ಪು ತಿಳಿಯುವ ಸಂಭವವೂ ಇದೆ.

ಈ ಮದ್ದಿನ ಹುಟ್ಟಿನ ಕಥೆ ತಿಳಿಯತಕ್ಕದ್ದು. ಫ್ರಾನ್ಸ್ ದೇಶದ ಬೋರ್ಡೋ ಪಟ್ಟಣದ ಹತ್ತಿರ ಮೆಡಾಕ್ ಎಂಬ ಪ್ರದೇಶವಿದೆ. ದಾರಿಹೋಕರು ದ್ರಾಕ್ಷಿ ಕದಿಯದಂತೆ ಅಲ್ಲಿನ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರು. ನೀಲಿ ಬಣ್ಣ ಕಂಡವರು ವಿಷವೆಂದು ಹೆದರಿ ಕೈ ಹಾಕುತ್ತಿರಲಿಲ್ಲ. ಆ ಬಳ್ಳಿಗಳಿಗೆ ಬೂಜುರೋಗ ತಗುಲದಿರುವುದನ್ನು 1882ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿದರು. 1885ರಲ್ಲಿ ಅವರು ಈ ಮಿಶ್ರಣವನ್ನು ಲೋಕಕ್ಕೆ ತಿಳಿಸಿದರು. ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದ ಲೆಸ್ಲಿ ಕೋಲ್ಮನ್ ಅವರು ಅದನ್ನು ನಮ್ಮ ತೋಟಗಳಿಗೆ ತಂದರು. ಮೊದಲು ಅದನ್ನು ಬಳಿದದ್ದೇ ಜನ ಹೆದರಲಿ ಎಂದು. ಮದ್ದನ್ನು ಉಳಿಸಿಕೊಂಡ ನಾವು ಆ ಹೆದರಿಕೆಯನ್ನು ಮರೆತಿದ್ದೇವೆ.

ಹಾನಿ ಹೇಗೆ?

ಹೊಟ್ಟೆಗೆ ಹೋದರೆ ಬಾಯಿ, ಗಂಟಲು, ಜಠರ ಉರಿಯುತ್ತವೆ. ಬಾಯಲ್ಲಿ ಲೋಹದ ರುಚಿ ಬರುತ್ತದೆ. ನೀಲಿ ಅಥವಾ ಹಸಿರು ಬಣ್ಣದ ವಾಂತಿಯಾಗುತ್ತದೆ. ಅನಂತರ ರಕ್ತದ ಕೆಂಪು ಕಣಗಳು ಒಡೆಯಬಹುದು, ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳಿಗೆ ಧಕ್ಕೆಯಾಗಬಹುದು. ಇವು ಕೂಡಲೇ ಕಾಣದೆ ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುವುದರಿಂದ, ವಾಂತಿ ನಿಂತಿತೆಂದು ಸಮಾಧಾನ ಪಡುವುದು ತಪ್ಪು.

ಹರಳಿನ ಪುಡಿ ಅಥವಾ ಗಟ್ಟಿ ದ್ರಾವಣ ಕಣ್ಣಿಗೆ ಬಿದ್ದರೆ ಕಣ್ಣಿನ ಪಾಪೆಗೆ ತೀವ್ರ ಗಾಯವಾಗುತ್ತದೆ. ಸಿಂಪರಣೆಯ ತುಂತುರನ್ನು ವರ್ಷಗಟ್ಟಲೆ ಉಸಿರಾಡುವುದೂ ಒಳ್ಳೆಯದಲ್ಲ. ದ್ರಾಕ್ಷಿತೋಟಗಳಲ್ಲಿ ಬೋರ್ಡೋ ಸಿಂಪಡಿಸುತ್ತಿದ್ದ ಕೆಲಸಗಾರರಿಗೆ ಬರುವ ಶ್ವಾಸಕೋಶದ ರೋಗವೊಂದನ್ನು 1969ರಲ್ಲಿ ಪೋರ್ಚುಗಲ್ಲಿನ ವೈದ್ಯರು ವರ್ಣಿಸಿದ್ದಾರೆ. ಮೀನುಗಳಿಗೆ ತಾಮ್ರ ಬಹಳ ವಿಷಕಾರಿ. ಸಾಕುಪ್ರಾಣಿಗಳ ಪೈಕಿ ಕುರಿ ಎಲ್ಲಕ್ಕಿಂತ ಸೂಕ್ಷ್ಮ. ದನಕರುಗಳಿಗೂ ಇದು ತಪ್ಪಿದ್ದಲ್ಲ.

ಶೇಖರಣೆಯ ಕ್ರಮ

1. ಒಂದು ವರ್ಷಕ್ಕೆ ಬೇಕಾದಷ್ಟನ್ನು ಮಾತ್ರ ಕೊಳ್ಳಿರಿ. ಬೆಲೆ ಏರುವುದೆಂದು ಎರಡು ವರ್ಷಕ್ಕಾಗುವಷ್ಟು ತಂದಿಡುವುದು ಮನೆಯಲ್ಲಿ ಅಪಾಯವನ್ನು ಸಾಕಿಕೊಂಡಂತೆ.

2. ಅಂಗಡಿಯ ಚೀಟಿ ಇರುವ ಮೂಲ ಚೀಲದಲ್ಲಿಯೇ ಇಡಿರಿ. ಆ ಚೀಲವನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಳಿಸಿ, ಡಬ್ಬಿಯ ಮೇಲೆ 'ಮೈಲುತುತ್ತ - ವಿಷ' ಎಂದು ದಪ್ಪ ಅಕ್ಷರಗಳಲ್ಲಿ ಬರೆಯಿರಿ. ಓದು ಬಾರದವರಿಗಾಗಿ ಕೆಂಪು ಬಣ್ಣ ಬಳಿಯಿರಿ.

3. ಕಬ್ಬಿಣ, ತಗಡು, ಅಲ್ಯೂಮಿನಿಯಂ ಪಾತ್ರೆಗಳು ಕೂಡದು. ಮೈಲುತುತ್ತದ ನೀರಿನಲ್ಲಿ ಕಬ್ಬಿಣದ ಮೊಳೆ ಹಾಕಿದರೆ ಅದರ ಮೇಲೆ ಕೆಂಪು ತಾಮ್ರ ಕೂರುವುದನ್ನು ನಿಮ್ಮ ಮಕ್ಕಳು ಶಾಲೆಯಲ್ಲಿ ನೋಡಿರುತ್ತಾರೆ. ತಾಮ್ರ ಕೂರುವಾಗ ಕಬ್ಬಿಣ ಕರಗುತ್ತದೆ. ಕರಾವಳಿಯ ತೇವದಲ್ಲಿ ತಗಡಿನ ಡಬ್ಬಿ ಹೀಗೆಯೇ ತೂತಾಗಿ ವಸ್ತು ನೆಲಕ್ಕೆ ಇಳಿಯುತ್ತದೆ.

4. ಡಬ್ಬಿಯನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಮಳೆನೀರು ಸೋರದ ಜಾಗದಲ್ಲಿ, ಬೀಗವಿರುವ ಕೋಣೆಯಲ್ಲಿ ಇಡಿರಿ. ಅಡಿಗೆಮನೆ, ಉಗ್ರಾಣ, ಹಟ್ಟಿ, ಬಾವಿಕಟ್ಟೆ ಇವು ನಾಲ್ಕರಿಂದಲೂ ದೂರವಿರಲಿ. ಅಕ್ಕಿ, ಬೀಜದ ಭತ್ತ, ಹಿಂಡಿ ಇವುಗಳ ಜೊತೆಗೆ ಎಂದಿಗೂ ಇಡಬಾರದು.

5. ಮೈಲುತುತ್ತ ತೂಗಿದ ತಕ್ಕಡಿ, ಅಳೆದ ಡಬ್ಬಿ, ಕಲಕಿದ ಕೋಲು ಇವು ಆ ಕೆಲಸಕ್ಕೆ ಮಾತ್ರ ಮೀಸಲು. ಖಾಲಿ ಚೀಲದಲ್ಲಿ ಅಕ್ಕಿ, ಕಾಳುಮೆಣಸು ಅಥವಾ ಅಡಿಕೆ ತುಂಬಬಾರದು.

ಸುಣ್ಣವನ್ನೂ ಮರೆಯಬಾರದು

ಸುಟ್ಟ ಸುಣ್ಣ ನೀರು ಕಂಡರೆ ಕುದಿಯುತ್ತದೆ. ಮಳೆಯ ಎರಚಲು ಬಿದ್ದ ಸುಣ್ಣದ ಚೀಲ ಉಬ್ಬಿ ಒಡೆಯಬಹುದು. ಪಕ್ಕದಲ್ಲಿ ಒಣ ಸೋಗೆ, ತೆಂಗಿನ ಸಿಪ್ಪೆ ಇದ್ದರೆ ಆ ಕಾವಿಗೆ ಬೆಂಕಿ ಹತ್ತುವ ಭಯವೂ ಇದೆ. ಆದುದರಿಂದ ಸುಣ್ಣವನ್ನು ಒಣ ಜಾಗದಲ್ಲಿ, ಮೈಲುತುತ್ತದಿಂದ ಬೇರೆಯಾಗಿ ಇಡಬೇಕು. ಎಲೆಅಡಿಕೆಯ ಸುಣ್ಣವನ್ನು ಈ ಚೀಲದಿಂದ ತೆಗೆಯುವ ರೂಢಿ ಬಿಡಿರಿ. ಗಾಳಿ ತಾಗಿ ಹಳತಾದ ಸುಣ್ಣಕ್ಕೆ ಸತ್ವವಿಲ್ಲ. ಅದನ್ನು ಬಳಸಿದರೆ ದ್ರಾವಣದಲ್ಲಿ ತಾಮ್ರ ಬಿಡಿಯಾಗಿ ಉಳಿದು ಎಳೆ ಕಾಯಿಗಳನ್ನೂ ಗೊನೆಗಳನ್ನೂ ಸುಡುತ್ತದೆ.

ತಯಾರಿಸುವಾಗ

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಬೇಕೆಂಬುದು ನಿಮಗೆ ತಿಳಿದದ್ದೇ. 50 ಲೀಟರ್ ನೀರಿನಲ್ಲಿ ಮೈಲುತುತ್ತವನ್ನೂ ಉಳಿದ 50 ಲೀಟರಿನಲ್ಲಿ ಸುಣ್ಣವನ್ನೂ ಬೇರೆ ಬೇರೆಯಾಗಿ ಕರಗಿಸಬೇಕು. ಸುಣ್ಣವನ್ನು ಅರಳಿಸುವಾಗ ಮುಖವನ್ನು ದೂರವಿಟ್ಟು, ಸ್ವಲ್ಪ ಸ್ವಲ್ಪವಾಗಿ ನೀರು ಚಿಮುಕಿಸಿರಿ. ಮುಚ್ಚಿದ ಪಾತ್ರೆಯಲ್ಲಿ ಅರಳಿಸಕೂಡದು. ಹರಳನ್ನು ಬೇಗ ಕರಗಲೆಂದು ಕುಟ್ಟಿ ಪುಡಿ ಮಾಡುವ ಬದಲು, ಗೋಣಿತಟ್ಟಿನಲ್ಲಿ ಕಟ್ಟಿ ಹಿಂದಿನ ರಾತ್ರಿ ನೀರಿನಲ್ಲಿ ತೂಗುಬಿಟ್ಟರೆ ತಾನಾಗಿ ಕರಗುತ್ತದೆ, ಧೂಳು ಏಳುವುದಿಲ್ಲ. ಆ ಪಾತ್ರೆಯನ್ನು ಮುಚ್ಚಿ, ಕೋಳಿ, ನಾಯಿ, ಮಕ್ಕಳು ಸುಳಿಯದ ಕಡೆ ಇಡಿರಿ. ಮರುದಿನ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತ ಕಲಕಿರಿ. ಹೊಳಪಾದ ಚೂರಿಯನ್ನು ಒಂದು ನಿಮಿಷ ಅದ್ದಿ ನೋಡಿರಿ. ಅದರ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ನೀರು ಬೇಕು.

ರಬ್ಬರ್ ಕೈಚೀಲ, ಕಣ್ಣಿಗೆ ಕನ್ನಡಕ, ಮೂಗು ಬಾಯಿಗೆ ಬಟ್ಟೆ ಇಷ್ಟು ಇರಲೇಬೇಕು. ಮರ ಹತ್ತಿ ಸಿಂಪಡಿಸುವವನಿಗೂ, ಈಗ ಉದ್ದನೆಯ ದೋಟಿ ಹಿಡಿದು ನೆಲದಲ್ಲಿ ನಿಂತು ಮೇಲೆ ನೋಡುವವನಿಗೂ ತುಂತುರು ಬೀಳುವುದು ಕಣ್ಣಿಗೇ. ನೀಲಿ ಕೈಯಲ್ಲಿ ಎಲೆಅಡಿಕೆ ಹಾಕಿಕೊಳ್ಳುವುದು, ಬೀಡಿ ಸೇದುವುದು ಕೂಡದು. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಈ ಅನುಕೂಲಗಳನ್ನು ಕೆಲಸದವರಿಗೆ ಒದಗಿಸುವುದು ತೋಟದ ಯಜಮಾನನ ಹೊಣೆ. ಸಿಂಪಡಿಸಿದ ತೋಟದ ಹುಲ್ಲು ಮತ್ತು ಹಾಳೆಯನ್ನು, ಒಳ್ಳೆಯ ಮಳೆ ಬಂದು ತೊಳೆಯುವ ತನಕ ದನಗಳಿಗೆ ಹಾಕಬೇಡಿರಿ. ಮರಕ್ಕೆ ಹಬ್ಬಿಸಿದ ವೀಳ್ಯದೆಲೆಯನ್ನೂ ಅಲ್ಲಿಯ ತನಕ ಕೊಯ್ಯಬಾರದು.

ಉಳಿದುದನ್ನು ಏನು ಮಾಡಬೇಕು?

ಬೋರ್ಡೋ ದ್ರಾವಣ ಇಟ್ಟರೆ ಕೆಡುತ್ತದೆ. ಆ ದಿನಕ್ಕೆ ಬೇಕಾದಷ್ಟನ್ನೇ ತಯಾರಿಸಿ, ಸ್ವಲ್ಪ ಉಳಿದರೆ ತೋಟದ ಉಳಿದ ಮರಗಳಿಗೇ ಸಿಂಪಡಿಸಿ ಮುಗಿಸಿರಿ. ಪಾತ್ರೆ ತೊಳೆದ ನೀರನ್ನು ಬಾವಿಕಟ್ಟೆಯಲ್ಲಿ ಅಥವಾ ತೋಡಿನಲ್ಲಿ ಚೆಲ್ಲಕೂಡದು.

ಒಂದು ಲೆಕ್ಕ ನೋಡಿರಿ. ನಾಲ್ಕು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 50,000 ಲೀಟರ್. ಒಂದು ಕಿಲೋ ಮೈಲುತುತ್ತದಲ್ಲಿ 250 ಗ್ರಾಂ ತಾಮ್ರವಿದೆ. ಅದು ಪೂರ್ತಿ ಆ ಬಾವಿಯಲ್ಲಿ ಕರಗಿದರೆ ಲೀಟರಿಗೆ 5 ಮಿಲಿಗ್ರಾಂ ತಾಮ್ರವಾಯಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ 0.05 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದಾಗ ಸಹಿಸಬಹುದಾದದ್ದು ಹೆಚ್ಚೆಂದರೆ 1.5 ಮಿಲಿಗ್ರಾಂ. ಬಾವಿಕಟ್ಟೆಯ ಮೇಲಿನ ಒಂದೇ ಕಿಲೋ ಪೊಟ್ಟಣ ಇಡೀ ಬಾವಿಯ ನೀರನ್ನು ಕೆಡಿಸಬಲ್ಲದು.

ನೆಲಕ್ಕೆ ಚೆಲ್ಲಿದ ಹರಳನ್ನು ಗುಡಿಸಿ ಡಬ್ಬಿಗೆ ಹಾಕಿ, ಆ ಜಾಗಕ್ಕೆ ಸುಣ್ಣದ ನೀರು ಎರೆಯಿರಿ. ತಾಮ್ರ ನೀರಿನಲ್ಲಿ ಕರಗದ ರೂಪಕ್ಕೆ ಬರುತ್ತದೆ. ಆ ಕೆಸರನ್ನು ಮಣ್ಣಿನೊಡನೆ ಬಳಿದು ತೆಗೆದು, ಬಾವಿ ಮತ್ತು ತೋಡಿನಿಂದ ದೂರ ಹಾಕಿರಿ. ಬೇಡವಾದ ಹಳೆಯ ಮೈಲುತುತ್ತವನ್ನು ಮನೆಯ ಕಸದೊಡನೆ ಕಳಿಸಬೇಡಿರಿ. ಅದು ಕೆಟ್ಟುಹೋಗುವ ವಸ್ತುವಲ್ಲ. ಗಟ್ಟಿಯಾಗಿದ್ದರೂ ಬಿಳಿಚಿದ್ದರೂ ಕರಗಿಸಿ ಬಳಸಬಹುದು, ಇಲ್ಲವೆ ನೆರೆಯ ಬೆಳೆಗಾರನಿಗೆ ಕೊಡಬಹುದು. ಎಸೆದದ್ದು ಎಲ್ಲಿಗೂ ಹೋಗುವುದಿಲ್ಲ ಎಂಬುದನ್ನು ವಾಮಂಜೂರಿನವರಿಗೆ ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ನೆರೆಯ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿ ಮಂದಾರದ ಅಡಿಕೆ, ತೆಂಗಿನ ತೋಟಗಳನ್ನು ಮುಚ್ಚಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಪ್ರಥಮ ಚಿಕಿತ್ಸೆ

ಕಣ್ಣಿಗೆ ಮೈಲುತುತ್ತವಾಗಲಿ ಸುಣ್ಣವಾಗಲಿ ಬಿದ್ದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು, ಹರಿಯುವ ಶುದ್ಧ ನೀರಿನಲ್ಲಿ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ತೊಳೆಯಿರಿ. ಎಣ್ಣೆ, ತುಪ್ಪ, ಎದೆಹಾಲು ಹಾಕುವುದು ಬೇಡ. ತೊಳೆದ ಮೇಲೆ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಹೊಟ್ಟೆಗೆ ಹೋಗಿದ್ದರೆ ಬಾಯಿ ಮುಕ್ಕಳಿಸಿರಿ. ಉಪ್ಪುನೀರು ಕುಡಿಸಿ ಅಥವಾ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿರಿ. ಸುಟ್ಟ ಗಂಟಲನ್ನು ಅದು ಮತ್ತೊಮ್ಮೆ ಸುಡುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. 108ಕ್ಕೆ ಕರೆ ಮಾಡಿ, ಚೀಟಿಯಿರುವ ಚೀಲವನ್ನು ಜೊತೆಗೆ ಒಯ್ಯಿರಿ. ಯಾವ ವಸ್ತುವೆಂದು ವೈದ್ಯರಿಗೆ ತಿಳಿದರೆ ಅಮೂಲ್ಯ ಸಮಯ ಉಳಿಯುತ್ತದೆ.

ಕೊನೆಯದಾಗಿ

ವಾಮಂಜೂರಿನ ಆ ಮನೆಯವರು ಅಂದೇ ಸಂಜೆ ಚೀಲವನ್ನು ಮುಚ್ಚಳದ ಡಬ್ಬಿಗೆ ಹಾಕಿ, ಕೀಟನಾಶಕದ ಬಾಟಲಿಯಿದ್ದ ಕಪಾಟಿನಲ್ಲಿಯೇ ಬೀಗದೊಳಗೆ ಇಟ್ಟರು. ಅದಕ್ಕೆ ಹಿಡಿದದ್ದು ಅರ್ಧ ಗಂಟೆ, ಖರ್ಚಾದದ್ದು ಒಂದು ಡಬ್ಬಿ. ಮೊದಲ ಸಿಂಪರಣೆ ಮಳೆಗಾಲಕ್ಕೆ ಮುಂಚೆ, ಎರಡನೆಯದು 40ರಿಂದ 45 ದಿನಗಳ ಬಳಿಕ. ಈ ನಡುವಿನ ದಿನಗಳಲ್ಲಿಯೇ ಅರ್ಧ ಖಾಲಿಯಾದ ಚೀಲ ಜಗಲಿಯಲ್ಲಿ ಬಾಯಿ ತೆರೆದು ಕೂರುವುದು. ಈ ಲೇಖನ ಓದಿ ಮುಗಿಸಿದೊಡನೆ ಎದ್ದು ಹೋಗಿ, ನಿಮ್ಮ ಮನೆಯ ಮೈಲುತುತ್ತ ಎಲ್ಲಿದೆ ಎಂದು ಒಮ್ಮೆ ನೋಡಿ ಬನ್ನಿರಿ.