ಬೇಳೆ ಬೇಯದಿದ್ದರೆ ನೀರನ್ನು ದೂರಬೇಡಿ

ಕಲಬುರಗಿ ಮಾರ್ಗವಾಗಿ ಬರುವ ಉದ್ಯಾನ್ ಎಕ್ಸ್‌ಪ್ರೆಸ್‌ನಿಂದ ಕಲ್ಯಾಣದಲ್ಲಿ ಕನ್ನಡದ ಕುಟುಂಬವೊಂದು ಇಳಿಯಿತೆಂದರೆ, ಬಟ್ಟೆಯ ಚೀಲಕ್ಕಿಂತ ದಿನಸಿಯ ಚೀಲವೇ ಭಾರವಾಗಿರುತ್ತದೆ. ಮಂಗಳೂರು ಕಡೆಯಿಂದ ಬಂದು ಪನ್ವೇಲ್, ಥಾಣೆಯಲ್ಲಿ ನಿಲ್ಲುವ ಮತ್ಸ್ಯಗಂಧದಲ್ಲೂ ಅಷ್ಟೇ. ಊರಿನ ರುಚಿ ಬೇಕೆನಿಸುವುದು ಸಹಜ. ಬೇಸರವಾಗುವುದು ಆಮೇಲಿನ ಮಾತಿಗೆ. ಹೊತ್ತು ತಂದ ತೊಗರಿಬೇಳೆ ಐದಾರು ತಿಂಗಳು ಕಳೆದ ಮೇಲೆ ಕುಕ್ಕರ್ ಆರು ಸೀಟಿ ಹೊಡೆದರೂ ನುಣ್ಣಗಾಗದೆ ಉಳಿದರೆ, ಮನೆಯಲ್ಲಿ ತೀರ್ಪು ಸಿದ್ಧ: "ಇಲ್ಲಿ ನೀರಿಗೆ ನಮ್ಮ ಬ್ಯಾಳಿ ಬೇಯಂಗಿಲ್ರೀ." ಡೊಂಬಿವಲಿಗೆ ಹೊಸದಾಗಿ ಬಂದ ಸೊಸೆಗೆ ಇದನ್ನು ಅತ್ತೆ ಹೇಳುತ್ತಾರೆ, ಅತ್ತೆಗೆ ಹಿಂದೊಮ್ಮೆ ಪಕ್ಕದ ಮನೆಯ ವೈನಿ ಹೇಳಿರುತ್ತಾರೆ. ನಲ್ಲಿಯ ನೀರನ್ನು ಮಾತ್ರ ಯಾರೂ ಪರೀಕ್ಷಿಸಿರುವುದಿಲ್ಲ.

ಗಡಸು ನೀರಿನಲ್ಲಿ ಬೇಳೆ ನಿಧಾನವಾಗಿ ಬೇಯುವುದು ನಿಜ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಪೆಕ್ಟಿನ್, ಗೋಡೆಯ ಕಲ್ಲುಗಳ ನಡುವಿನ ಗಾರೆಯ ಹಾಗೆ. ಬೇಯುವಾಗ ಅದು ಕರಗಬೇಕು. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಅವು ಪೆಕ್ಟಿನ್ ಜೊತೆ ಸೇರಿಕೊಂಡು ಅದನ್ನು ಕರಗಲು ಬಿಡುವುದಿಲ್ಲ.

ಆದರೆ ಈ ಊರುಗಳ ನಲ್ಲಿಗೆ ಬರುವ ನೀರು ಎಲ್ಲಿಯದು? ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆ ನೀರೆತ್ತುವುದು ಉಲ್ಹಾಸ್ ನದಿಯಿಂದ. ಡೊಂಬಿವಲಿಯ ಎಂಐಡಿಸಿ ಭಾಗಕ್ಕೆ ಬದ್ಲಾಪುರದ ಹತ್ತಿರದ ಬಾರ್ವಿ ಅಣೆಕಟ್ಟು, ನವಿಮುಂಬಯಿಗೆ ಖಾಲಾಪುರ ತಾಲೂಕಿನ ಮೋರ್ಬೆ, ಥಾಣೆಗೆ ಭಾತ್ಸಾ ಮತ್ತು ಉಲ್ಹಾಸ್. ಎಲ್ಲವೂ ಸಹ್ಯಾದ್ರಿಯ ಮಗ್ಗುಲಲ್ಲಿ ಬಿದ್ದ ಮಳೆಯ ನೀರೇ. ನೆಲದಾಳದ ಬಂಡೆಯ ಸಂದಿನಲ್ಲಿ ವರ್ಷಗಟ್ಟಲೆ ನಿಂತು ಸುಣ್ಣ ಕರಗಿಸಿಕೊಂಡ ನೀರಲ್ಲ. ಉತ್ತರ ಕರ್ನಾಟಕದ ಎಷ್ಟೋ ಊರುಗಳ ಕೊಳವೆಬಾವಿಯ ನೀರು ಇದಕ್ಕಿಂತ ಗಡಸು. ಅಲ್ಲಿ ಬೇಯುವ ಬೇಳೆ ಇಲ್ಲಿ ನೀರಿನ ಕಾರಣಕ್ಕೆ ಬೇಯದೆ ಹೋಗುವುದು ಹೇಗೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲವಲ್ಲ! ಘೋಡ್‌ಬಂದರ್ ರಸ್ತೆಯ ಕಡೆ ಟ್ಯಾಂಕರ್ ನಂಬಿಕೊಂಡ ವಸತಿಗಳ ಮಾತು ಬೇರೆ. ಟ್ಯಾಂಕರ್‌ನಲ್ಲಿ ಬಂದದ್ದು ಕೊಳವೆಬಾವಿಯ ನೀರಾಗಿದ್ದರೆ ಗಡಸು ಇರಬಹುದು. ಅದು ತಿಳಿಯುವುದು ಕಷ್ಟವಲ್ಲ. ಸಾಬೂನಿಗೆ ಸರಿಯಾಗಿ ನೊರೆ ಬರುವುದಿಲ್ಲ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ.

ಹೆಚ್ಚಿನ ಮನೆಗಳಲ್ಲಿ ತಪ್ಪು ಇರುವುದು ನಲ್ಲಿಯಲ್ಲಲ್ಲ, ಡಬ್ಬಿಯಲ್ಲಿ. ದ್ವಿದಳ ಧಾನ್ಯವನ್ನು ಸೆಕೆ ಮತ್ತು ತೇವದ ಗಾಳಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಅದರೊಳಗಿನ ಫೈಟಿಕ್ ಆಮ್ಲ ಒಡೆಯುತ್ತದೆ. ಅದು ಹಿಡಿದಿಟ್ಟುಕೊಂಡಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುಗಡೆಯಾಗಿ ನೇರವಾಗಿ ಪೆಕ್ಟಿನ್‌ಗೆ ಅಂಟಿಕೊಳ್ಳುತ್ತವೆ. ಗಡಸು ನೀರು ಹೊರಗಿನಿಂದ ಮಾಡುವ ಕೆಲಸವನ್ನು ಬೇಳೆ ತನ್ನೊಳಗೇ ಮಾಡಿಕೊಂಡು ಕೂತಿರುತ್ತದೆ. ಇಡೀ ಕಾಳಿನಲ್ಲಿ ಈ ದೋಷ ಹೆಚ್ಚು, ಆದರೆ ಒಡೆದ ಬೇಳೆಯೂ ಪೂರ್ತಿ ಪಾರಾಗುವುದಿಲ್ಲ. ಕಲಬುರಗಿಯ ಒಣ ಹವೆಯಲ್ಲಿ ವರ್ಷವಿಡೀ ಬಾಳುವ ಬೇಳೆಗೆ ಡೊಂಬಿವಲಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆ ಶತ್ರು. ಆ ತಿಂಗಳುಗಳಲ್ಲಿ ಉಪ್ಪಿನ ಜಾಡಿಯೇ ನೀರೊಡೆಯುತ್ತದೆ, ಗೋಡೆಗೆ ಬೂಷ್ಟು ಬರುತ್ತದೆ, ಬೇಳೆ ಮಾತ್ರ ಹೇಗೆ ಇದ್ದ ಹಾಗೇ ಇರುತ್ತದೆ?

ಸಂಶಯವಿದ್ದವರು ಒಂದು ಕೆಲಸ ಮಾಡಬಹುದು. ಊರಿನಿಂದ ತಂದ ಹಳೆಯ ಬೇಳೆ ಒಂದು ಹಿಡಿ, ಅಂಗಡಿಯಿಂದ ಈ ವಾರ ತಂದದ್ದು ಒಂದು ಹಿಡಿ, ಎರಡನ್ನೂ ಬೇರೆ ಬೇರೆ ಬಟ್ಟಲಲ್ಲಿ ಹಾಕಿ ಒಂದೇ ನಲ್ಲಿಯ ನೀರು ಸುರಿದು ಒಂದೇ ಕುಕ್ಕರಿನಲ್ಲಿ ಇಡಬೇಕು. ತೆಗೆದು ಬೆರಳಿನಿಂದ ಹಿಸುಕಿದರೆ ಹೊಸದು ಹಿಟ್ಟಿನಂತೆ ಜಾರುತ್ತದೆ. ಹಳೆಯದು ಅಂಚಿನಲ್ಲಿ ಮೆತ್ತಗಾಗಿ ನಡುವೆ ಗಟ್ಟಿ ತಿರುಳು ಉಳಿಸಿಕೊಂಡಿರುತ್ತದೆ. ಹಳೆಯದನ್ನು ಎಸೆಯಬೇಕಾಗಿಯೂ ಇಲ್ಲ. ಎರಡು ಗಂಟೆ ನೆನೆಸಿದರೆ ಎಷ್ಟೋ ವಾಸಿ. ಚಿಟಿಕೆ ಅಡಿಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಆದರೆ ಬಿ1 ಜೀವಸತ್ವ ನಷ್ಟವಾಗುತ್ತದೆ. ಹುಣಸೆಹಣ್ಣು, ಟೊಮೆಟೊ ಬೇಳೆ ಬೆಂದ ಮೇಲೆಯೇ ಹಾಕಬೇಕು. ಹುಳಿ ಬೇಳೆಯನ್ನು ಬೇಯಲು ಬಿಡುವುದಿಲ್ಲ. ಉಪ್ಪು ಮೊದಲೇ ಹಾಕಿದರೂ ಬೇಯುವುದಿಲ್ಲ ಎನ್ನುವುದು ಸುಳ್ಳು. ಉಪ್ಪು ನೀರಿನಲ್ಲಿ ನೆನೆಸಿದ ಕಾಳು ಬೇಗ ಮೆತ್ತಗಾಗುತ್ತದೆ.

ನೀರಿನ ಮೇಲಿನ ಈ ಆರೋಪದ ಬೆನ್ನಿಗೆ ಇನ್ನೊಂದು ನಂಬಿಕೆ ಇದೆ: ಇಲ್ಲಿನ ಕಿರಾಣಿ ಅಂಗಡಿಯ ಬೇಳೆ ನಮ್ಮದಲ್ಲ, ಕಲಬೆರಕೆ. ನವಿಮುಂಬಯಿಯ ವಾಶಿ-ತುರ್ಭೆಯಲ್ಲಿ ಎಪಿಎಂಸಿಯ ಧಾನ್ಯ ಮಾರುಕಟ್ಟೆ ಇದೆ. ಥಾಣೆಯ ಜಾಂಭಳಿ ನಾಕಾದಿಂದ ಡೊಂಬಿವಲಿಯ ಗಲ್ಲಿ ಅಂಗಡಿಯವರೆಗೆ ಎಷ್ಟೋ ಕಡೆಗೆ ಧಾನ್ಯ ಹೋಗುವುದು ಅಲ್ಲಿಂದಲೇ. ಅಲ್ಲಿಗೆ ಬರುವ ತೊಗರಿ ಲಾತೂರು, ಅಕೋಲಾ, ಕಲಬುರಗಿ ಕಡೆಯದು. ಜೊತೆಗೆ ಮ್ಯಾನ್ಮಾರ್, ಮೊಜಾಂಬಿಕ್‌ಗಳ ಆಮದು. ಲಾತೂರು ಮತ್ತು ಕಲಬುರಗಿ ಸೀಮೆ ಒಂದೇ ಕಪ್ಪು ಮಣ್ಣಿನ ಹಾಸು, ನಡುವೆ ಇರುವುದು ರಾಜ್ಯದ ಗೆರೆ ಮಾತ್ರ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದೇ ಬೇಕೆಂದರೆ ಆ ಗುರುತಿನ ಪೊಟ್ಟಣ ಕೇಳಿ ಪಡೆಯಬಹುದು.

ಅಂಗಡಿಯಲ್ಲಿ ಎಣ್ಣೆ ಸವರಿದ ತೊಗರಿಬೇಳೆ ಕಂಡು ಗಾಬರಿಯಾಗುವವರೂ ಇದ್ದಾರೆ. ಅದು ಹುಳ ಹಿಡಿಯದಿರಲೆಂದು ಸವರಿದ ಹರಳೆಣ್ಣೆ, ಗುಜರಾತಿ ಮನೆಗಳ ಹಳೆಯ ರೂಢಿ. ಬಿಸಿನೀರಲ್ಲಿ ತೊಳೆದರೆ ಹೋಗುತ್ತದೆ. ಹೆದರಬೇಕಾದದ್ದು ಕೇಸರಿ ಬೇಳೆಯ ಬೆರಕೆಗೆ, ಮೆಟಾನಿಲ್ ಹಳದಿ ಬಣ್ಣಕ್ಕೆ.

ಇಂಥ ನಂಬಿಕೆ ಬೇಳೆಯ ಬಗ್ಗೆ ಮಾತ್ರವಲ್ಲ. ಕುಚ್ಚಲಕ್ಕಿ ಇಲ್ಲಿ ಸಿಗುವುದಿಲ್ಲ ಎನ್ನುವವರು ಕೊಂಕಣದವರ ಅಂಗಡಿಯಲ್ಲಿ 'ಉಕಡಾ' ಕೇಳಲಿ, ಸಿಂಧುದುರ್ಗದವರು ಉಣ್ಣುವುದೂ ಅದನ್ನೇ. ಮೆಣಸಿನಕಾಯಿ ಕೆಂಪಗಿದ್ದಷ್ಟೂ ಖಾರ ಎಂಬುದು ಬ್ಯಾಡಗಿಯ ಮುಂದೆ ನಿಲ್ಲುವುದಿಲ್ಲ, ಅದರದ್ದು ದಟ್ಟ ಬಣ್ಣ, ಕಡಿಮೆ ಖಾರ. ಬೆಲ್ಲ ಹಳದಿಯಾಗಿ ಹೊಳೆದರೆ ಶುದ್ಧ ಎನ್ನುವುದಂತೂ ತಲೆಕೆಳಗಾದ ನಂಬಿಕೆ. ಆ ಹೊಳಪು ಹೆಚ್ಚಾಗಿ ಬಿಳುಪಿಗೆಂದು ಹಾಕಿದ ರಾಸಾಯನಿಕದ್ದು.

ಇಂಥ ಮಾತುಗಳು ಮೊದಲು ಹಿತ್ತಲಲ್ಲಿ ಹರಡುತ್ತಿದ್ದವು, ಈಗ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹರಡುತ್ತವೆ. 2017ರಲ್ಲಿ 'ಪ್ಲಾಸ್ಟಿಕ್ ಅಕ್ಕಿ'ಯ ವಿಡಿಯೊಗಳು ದೇಶವೆಲ್ಲ ಸುತ್ತಿದವು. ಅನ್ನದ ಉಂಡೆ ಪುಟಿಯುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಎಂಬುದೇ ಅವುಗಳ ವಾದ. ಪಿಷ್ಟ ತುಂಬಿದ ಅನ್ನವನ್ನು ಒತ್ತಿ ಉಂಡೆ ಕಟ್ಟಿದರೆ ಯಾವ ಅಕ್ಕಿಯದಾದರೂ ಪುಟಿಯುತ್ತದೆ. ನಂತರ ರೇಷನ್ ಅಕ್ಕಿಯಲ್ಲಿ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳುಗಳು ಬಂದಾಗಲೂ ಅದೇ ಕೂಗು. ಅವು ಅಕ್ಕಿಹಿಟ್ಟಿನಿಂದಲೇ ಮಾಡಿ, ನೂರು ಕಾಳಿಗೆ ಒಂದರಂತೆ ಬೆರೆಸಿದ ಕಾಳುಗಳು. ರಕ್ತಹೀನತೆಯಿರುವ ಹೆಣ್ಣುಮಕ್ಕಳ ತಟ್ಟೆಗೆ ಹೋಗಬೇಕಾಗಿದ್ದ ಆ ಕಾಳನ್ನು ಎಷ್ಟೋ ಮನೆಗಳಲ್ಲಿ ಆರಿಸಿ ಚೆಲ್ಲಿದ್ದಾರೆ. ಓದು ಬಲ್ಲವರೇ ಇಂಥ ಸಂದೇಶಗಳನ್ನು ಪರೀಕ್ಷಿಸದೆ ಮುಂದಕ್ಕೆ ಕಳಿಸುವುದನ್ನು ಕ್ಷಮಿಸಲಾಗದು.

ತೊಗರಿ ಕೊಯ್ಲು ಮುಗಿದು ಹೊಸ ಬೇಳೆ ಗಿರಣಿಯಿಂದ ಹೊರಬರುವುದು ಚಳಿಗಾಲದ ಕೊನೆಗೆ. ಊರಿಗೆ ಹೋದವರು ಆಗ ಧಾರಾಳವಾಗಿ ತರಲಿ, ಆದರೆ ಜೂನ್‌ನ ಮೊದಲ ಮಳೆಗೆ ಮುನ್ನ ಮುಗಿಯುವಷ್ಟನ್ನೇ ತರಲಿ. ಮಳೆಗಾಲದ ನಾಲ್ಕು ತಿಂಗಳು ಗಲ್ಲಿಯ ಅಂಗಡಿಯಿಂದ ತಿಂಗಳಿಗೊಮ್ಮೆ ಬೇಕಾದಷ್ಟೇ ಬೇಳೆ ಕೊಂಡು, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.