ಬೈಪಾಸ್ ಶಸ್ತ್ರಚಿಕಿತ್ಸೆಯ ದೀರ್ಘಾವಧಿ ಪರಿಣಾಮಗಳು

ಬೈಪಾಸ್ ಶಸ್ತ್ರಚಿಕಿತ್ಸೆ ಎಂದರೆ ಹೃದಯದ ಸ್ನಾಯುವಿಗೆ ರಕ್ತವನ್ನೊಯ್ಯುವ ಪರಿಧಮನಿಗಳಲ್ಲಿ ಅಡಚಣೆಯುಂಟಾದಾಗ, ದೇಹದ ಬೇರೆಡೆಯ ರಕ್ತನಾಳವನ್ನು ಅಡಚಣೆಯ ಆಚೆಗೆ ಜೋಡಿಸಿ ರಕ್ತಕ್ಕೆ ಬದಲಿ ಮಾರ್ಗ ಕಲ್ಪಿಸುವ ಚಿಕಿತ್ಸೆ. ಧಮನಿಗಳಲ್ಲಿ ಕೊಬ್ಬು ಶೇಖರವಾಗುವ ಮೂಲ ರೋಗವನ್ನು ಇದು ವಾಸಿಮಾಡುವುದಿಲ್ಲ. ಆದುದರಿಂದ ರೋಗಿಯ ಮುಂದಿನ ಆರೋಗ್ಯವು ಬದಲಿ ನಾಳದ ಬಾಳಿಕೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಬದಲಿ ನಾಳಗಳ ಬಾಳಿಕೆ

ಅರ್ಜೆಂಟೀನಾದ ಶಸ್ತ್ರವೈದ್ಯ ರೆನೆ ಫವಲೊರೊ 1967ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನಲ್ಲಿ ಕಾಲಿನ ಸಫೀನಸ್ ಅಭಿಧಮನಿಯನ್ನು ಬಳಸಿ ಈ ಚಿಕಿತ್ಸೆಯನ್ನು ರೂಢಿಗೆ ತಂದರು. ಅಭಿಧಮನಿಯ ಗೋಡೆ ತೆಳುವಾದುದು. ಕಡಿಮೆ ಒತ್ತಡದ ರಕ್ತಕ್ಕೆ ಹೊಂದಿಕೊಂಡದ್ದು. ಧಮನಿಯ ಒತ್ತಡಕ್ಕೆ ಸಿಕ್ಕಿದಾಗ ಅದರ ಒಳಪದರ ದಪ್ಪವಾಗಿ, ಕ್ರಮೇಣ ಕೊಬ್ಬು ಸೇರಿ, ನಾಳ ಕಿರಿದಾಗುತ್ತದೆ. 10 ವರ್ಷಗಳ ಹೊತ್ತಿಗೆ ಇಂತಹ ನಾಳಗಳಲ್ಲಿ ಸುಮಾರು ಅರ್ಧದಷ್ಟು ಮುಚ್ಚಿರುತ್ತವೆ ಇಲ್ಲವೇ ತೀವ್ರವಾಗಿ ಕಿರಿದಾಗಿರುತ್ತವೆ.

ಎದೆಗೂಡಿನ ಒಳಬದಿಯಲ್ಲಿ ಹರಿಯುವ ಎಡ ಇಂಟರ್ನಲ್ ಮ್ಯಾಮರಿ ಧಮನಿಯ ಸಂಗತಿ ಬೇರೆ. ಅದು ಹುಟ್ಟಿನಿಂದಲೇ ಧಮನಿ. ಕೊಬ್ಬು ಅದರಲ್ಲಿ ಸುಲಭವಾಗಿ ಕೂರುವುದಿಲ್ಲ. 10 ವರ್ಷಗಳ ನಂತರವೂ ಇಂತಹ ಜೋಡಣೆಗಳಲ್ಲಿ ಸುಮಾರು ಶೇ. 90ರಷ್ಟು ತೆರೆದೇ ಇರುತ್ತವೆ. ಹೃದಯದ ಮುಂಭಾಗದ ಮುಖ್ಯ ಪರಿಧಮನಿಗೆ ಇದನ್ನು ಜೋಡಿಸಿಕೊಂಡ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆಂದು ಅದೇ ಕ್ಲೀವ್‌ಲೆಂಡ್ ಕ್ಲಿನಿಕ್‌ನ ವೈದ್ಯರು 1986ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು.

ನಂತರದ ಆರೈಕೆ

ಎದೆನೋವು ನಿಂತಿತೆಂದು ಔಷಧ ಬಿಡುವ ರೋಗಿಗಳು ಕಡಿಮೆಯಿಲ್ಲ, ಇದು ಅಪಾಯಕರ. ಆಸ್ಪಿರಿನ್ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆದರೆ, ಸ್ಟ್ಯಾಟಿನ್ ಔಷಧಗಳು ನಾಳ ಕಿರಿದಾಗುವುದನ್ನು ನಿಧಾನಗೊಳಿಸುತ್ತವೆ. ಧೂಮಪಾನವನ್ನು ಪೂರ್ಣವಾಗಿ ತ್ಯಜಿಸಬೇಕು. ಎರಡನೆಯ ಬಾರಿಯ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಹೆಚ್ಚು ಅಪಾಯದ್ದಾದ್ದರಿಂದ, ನಾಳ ಮತ್ತೆ ಕಟ್ಟಿಕೊಂಡಾಗ ಸಾಧ್ಯವಾದೆಡೆ ಸ್ಟೆಂಟ್ ಅಳವಡಿಸಲಾಗುತ್ತದೆ.