ಚಿಕ್ಕಮ್ಮನ ಕೈಗೇ ಫೋನು

ನಮ್ಮಲ್ಲಿ ಹಲವರು ನಾಳೆ ಮೇಷ್ಟ್ರಾಗುವವರು. ಅದಕ್ಕೇ ಈ ಮಾತು.

ಅಂಬತ್ತೂರಿನ ನನ್ನ ಚಿಕ್ಕಮ್ಮ ವಿಜ್ಞಾನದ ಮೇಡಂ. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ತಮಿಳು. 2018ರಲ್ಲಿ ತಮಿಳುನಾಡಿನ ಹೊಸ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಎಂಬ ಕಪ್ಪು ಚೌಕಗಳು ಬಂದವು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ದೀಕ್ಷಾ’ ಆ್ಯಪಿನಿಂದ ಆ ಚೌಕವನ್ನು ಸ್ಕ್ಯಾನ್ ಮಾಡಿದರೆ ಪಾಠದ ವಿಡಿಯೋ ತೆರೆದುಕೊಳ್ಳುತ್ತದೆ. “ಅದೆಲ್ಲ ನಿಮ್ಮ ಕಾಲದ್ದು ಕಣೋ” ಅಂತ ಚಿಕ್ಕಮ್ಮ ಚೌಕ ದಾಟಿ ಮುಂದೆ ಹೋಗಿಬಿಡೋರು.

ರಜೆಗೆ ಹೋದವನು ಜಂಬದಿಂದ ಎಲ್ಲವನ್ನೂ ನಾನೇ ಒತ್ತಿ ತೋರಿಸಿದೆ. ತಪ್ಪಾದದ್ದು ಅಲ್ಲೇ. ಮರುದಿನ ಮಕ್ಕಳೆದುರು ಫೋನಿನಲ್ಲಿ ಚಕ್ರ ಸುತ್ತುತ್ತಲೇ ಇತ್ತಂತೆ, ನೆಟ್ ಇಲ್ಲ. “ಮಕ್ಕಳು ನಕ್ಕುಬಿಟ್ರು” ಅಂದರು. ಆ ಸಂಜೆ ಅವರು ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ನಾನು ಕೈಕಟ್ಟಿ ಪಕ್ಕದಲ್ಲಿ ಕೂತೆ. ಮಂಡಳಿ, ಮಾಧ್ಯಮ, ತರಗತಿ ಮೂರನ್ನೂ ಅವರೇ ಆರಿಸಿದರು. ಚೌಕ ಮಾಸಿದ್ದರೆ ಅದರ ಕೆಳಗಿನ ಆರು ಅಕ್ಷರ-ಅಂಕಿಗಳನ್ನು ಟೈಪ್ ಮಾಡಿದರೂ ಆಯಿತು. ಎಲ್ಲಕ್ಕಿಂತ ಮುಖ್ಯ, ಹಿಂದಿನ ರಾತ್ರಿಯೇ ಮನೆಯಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಂಡರೆ ತರಗತಿಯಲ್ಲಿ ನೆಟ್ಟಿನ ಹಂಗಿಲ್ಲ. ಮೂರು ಸಲ ತಪ್ಪಿದರು, ನಾನು ಫೋನು ಮುಟ್ಟಲಿಲ್ಲ. (ಕೈ ತುರಿಸ್ತಿತ್ತು, ನಿಜ.)

ವಿಡಿಯೋ ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಮಾತ್ರ ನಾನು ಹೇಳಿಕೊಡಬೇಕಾಗಲಿಲ್ಲ. ಹೃದಯದ ಪಾಠದಲ್ಲಿ ಕವಾಟ ಮುಚ್ಚುವ ಹೊತ್ತಿಗೇ ತಡೆದು, “ಈಗ ರಕ್ತ ಎಲ್ಲಿಗೆ ಹೋಗುತ್ತೆ?” ಅಂತ ಕೇಳಿದರಂತೆ. ತರಗತಿಯಲ್ಲಿ ದೊಡ್ಡ ವಾದವೇ ಎದ್ದಿತಂತೆ. ನನಗಾಗಿದ್ದರೆ ಇದು ಹೊಳೀತಿರಲಿಲ್ಲ.

ಈಗ ಸ್ಟಾಫ್ ರೂಮಿನಲ್ಲಿ ಗಣಿತದ ಸಾರ್‌ಗೆ ಚಿಕ್ಕಮ್ಮನೇ ಹೇಳಿಕೊಡ್ತಾರೆ, ಕೈಕಟ್ಟಿ ಕೂತು.